ಎಂಬತ್ತೊಂದು ಬೀಗ

ಹೌದು ಮೇಷ್ಟ್ರೆ, ಇದು ಊರಿನದೇ.
ಗೋಡೆ ಊರಿನದು, ಮಾಳಿಗೆ ಊರಿನದು,
ಬಾಗಿಲ ಪಕ್ಕದ ನೀರಿನ ತೊಟ್ಟಿಯೂ ಊರಿನದು.
ಹಾಗಿದ್ದರೆ ಒಳಗೆ ಇಷ್ಟೊಂದು ಬೀಗ ಯಾಕೆ
ಅಂತ ಕೇಳಿದಿರಿ.
ಪಟ್ಟಣದಿಂದ ಬಂದವರೆಲ್ಲ ಅದನ್ನೇ ಕೇಳುತ್ತಾರೆ,
ಉತ್ತರ ಆಗಲೇ ಸಿಕ್ಕಿತೆಂಬ ಮುಖ ಹೊತ್ತು.

ಎಂಬತ್ತೊಂದು ಕೋಣೆ, ಎಂಬತ್ತೊಂದು ಬೀಗ.
ಮರದ ಬೀಗಕ್ಕೆ ಮರದ್ದೇ ಕೀಲಿ,
ಮೊಳದುದ್ದ, ತುದಿಗೆ ನಾಲ್ಕು ಹಲ್ಲು.
ಒಬ್ಬರ ಹಲ್ಲು ಇನ್ನೊಬ್ಬರ ಕದ ಕಚ್ಚುವುದಿಲ್ಲ.
ಅಟ್ಲಾಸ್ ಬೆಟ್ಟದ ಈ ತೆಂಕಣ ಮಗ್ಗುಲಲ್ಲಿ
ನಂಬಿಕೊಂಡು ಕಟ್ಟಿದ್ದು ಏನು ಉಳಿದಿದೆಯೋ ಕಾಣೆ,
ಅನುಮಾನಪಟ್ಟು ಕಟ್ಟಿದ ಈ ಕಣಜ ಉಳಿದಿದೆ.

ನನ್ನ ಅಜ್ಜ ಕಾದ, ಅಪ್ಪ ಕಾದ, ಈಗ ಈ ಬಿಹಿ.
ಕೂಲಿ ಕೋಣೆಗೊಂದು ಬಳ್ಳ ಬಾರ್ಲಿ,
ಬೆಕ್ಕಿಗೆ ಬೇರೆಯೇ ಅರೆಬಳ್ಳ.
ನಗಬೇಡಿ, ಆ ಹಲಗೆಯ ಮೇಲೆ ಬರೆದಿದೆ.
ಒಂದೊಂದು ಕದದ ಬುಡಕ್ಕೂ ಬೆಕ್ಕಿನ ಕಿಂಡಿ ನೋಡಿ.
ಎಲ್ಲರ ಕೋಣೆಗೂ ಹೋಗಿಬರುವ ಹಕ್ಕು
ಈ ಊರಲ್ಲಿ ಅದೊಂದಕ್ಕೇ.

ಹೋದ ಚಳಿಗಾಲ ನಾಲ್ಕು ದಿನ ಬಿಡದೆ ಸುರಿದು
ಮಾಳಿಗೆ ಬಿರಿಯಿತು,
ಸರಿಯಾಗಿ ಇದ್ದರ್‌ನ ಕೋಣೆಯ ನೆತ್ತಿಗೆ.
ಇದ್ದರ್ ಗೊತ್ತಲ್ಲ,
ಬಾದಾಮಿ ಎಣಿಸಿಟ್ಟು, ಎಣಿಸಿದ್ದನ್ನು ಮತ್ತೆ ಎಣಿಸುವವನು.
ಅದರ ಹಿಂದಿನ ವರ್ಷ ದಾರಿ ಕುಸಿದಾಗ
ಸೊಂಟನೋವೆಂದು ಮಲಗಿಬಿಟ್ಟಿದ್ದ.
ಊರು ಮರೆತಿರಲಿಲ್ಲ ಆ ಸೊಂಟವನ್ನು.

ಮಾಳಿಗೆ ಹತ್ತಿ ಕೂಗಿದೆ.
ಒಬ್ಬ ಅಂದ, ನನ್ನದು ಕೆಳಸಾಲು, ಒಣಗಿದೆ.
ಇನ್ನೊಬ್ಬ, ಮೊದಲು ಅವನ ಮಗ ಬರಲಿ.
ಮತ್ತೊಬ್ಬ ಏನೂ ಅನ್ನಲಿಲ್ಲ, ಕಿಟಕಿ ಮುಚ್ಚಿದ.

ಮೊದಲು ಬಂದವಳು ತೂಡಾ.
ತಲೆಯ ಮೇಲೆ ಮಣ್ಣಿನ ಬುಟ್ಟಿ,
ಕೊರಳಲ್ಲಿ ಕೀಲಿ.
ಗಂಡ ಹೋದ ಮೇಲೆ ಆರು ವರ್ಷ
ಅವಳ ಕೋಣೆಗೆ ಕಾಳು ಬಿದ್ದಿಲ್ಲ.
ನಿನಗ್ಯಾಕಮ್ಮ ಇದು, ಅಂದೆ.
ಬರಿಗೋಣೆಗೆ ಬೀಗ ಹಾಕೋದಕ್ಕೂ
ಮೇಲೊಂದು ಸೂರು ಬೇಕಲ್ಲ ಬಿಹಿ, ಅಂದಳು.

ಆಮೇಲೆ ಬಂದರು.
ಪುಣ್ಯಕ್ಕೆ ಬಂದರು ಅನ್ನಲಾರೆ.
ನೀರು ಎರಡನೇ ಸಾಲಿಗೆ ಇಳಿಯಿತೆಂದು ಲಹ್ಸೆನ್ ಬಂದ.
ಬಾರದವರಿಗೆ ಒಂದು ಕುರಿ ದಂಡ
ಎಂದು ಹಲಗೆ ಹೇಳುವುದರಿಂದ ಇಬ್ಬರು.
ಮಗಳ ಮಾತುಕತೆ ಇದ್ದರ್‌ನ ತಮ್ಮನ ಮನೆಯಲ್ಲಿ
ನಡೆದಿದೆಯೆಂದು ಒಬ್ಬ.
ಮುದುಕಿ ಇಜ್ಜಾ ಬಂದದ್ದು
ಯಾರ್ಯಾರು ಬಂದಿಲ್ಲವೆಂದು ನೋಡಲಿಕ್ಕೆ.
ಕತ್ತಲಾಗುವವರೆಗೆ ತುಳಿದರು. ಮಣ್ಣು ಮಣ್ಣಿಗೆ ಕೂತಿತು.
ಮಾಳಿಗೆ ಯಾರನ್ನೂ ಕೇಳಲಿಲ್ಲ,
ನೀನು ಯಾಕೆ ಬಂದೆ ಎಂದು.

ಇದ್ದರ್ ಎಲ್ಲರ ಬುಟ್ಟಿ ಎಣಿಸಿದ.
ತೂಡಾಳ ಮಣ್ಣಿನಲ್ಲಿ ಕಲ್ಲು ಜಾಸ್ತಿ, ಅಂದ.

ಇಲ್ಲಿಗೆ ಮುಗಿದಿದ್ದರೆ ನಿಮ್ಮ ಪಾಠಕ್ಕೆ ಒಪ್ಪುತ್ತಿತ್ತು.
ಆದರೆ ಬೇಸಿಗೆಯಲ್ಲಿ ಒಂದು ದಿನ ಬೆಕ್ಕು
ತೂಡಾಳ ಕಿಂಡಿಯಲ್ಲಿ ನುಗ್ಗಿದ್ದು
ಮಧ್ಯಾಹ್ನವಾದರೂ ಹೊರಬರಲಿಲ್ಲ.
ಇಲಿ ಇದೆ ಅಂದರೆ ಕಾಳಿದೆ.
ಕಾಳಿದೆ ಅಂದರೆ...
ಕೀಲಿ ಅವಳ ಕೊರಳಲ್ಲೇ ಇದೆ.
ಮಂಡಿಯೂರಿ ಬಗ್ಗಿ ನೋಡಿದೆ.
ಕಿಂಡಿಯ ಆಚೆ, ಕೈ ಎಟುಕುವಷ್ಟು ದೂರಕ್ಕೆ,
ಬಾರ್ಲಿಯ ಸಣ್ಣ ಸಣ್ಣ ಗುಪ್ಪೆ.
ಎಲ್ಲವೂ ಒಂದೇ ಅಳತೆ,
ಒಂದು ಹಿಡಿ ಅತ್ತಿತ್ತ ಇಲ್ಲ.
ಲೆಕ್ಕ ಬಿಡಲಾರದ ಕೈ.

ಅವಳ ಇಳಿಜಾರಿನ ಹೊಲದ ಮೇಲೆ ಕಣ್ಣೋ,
ಕಲ್ಲು ಜಾಸ್ತಿ ಅಂದ ನಾಲಿಗೆಗೆ ಉರಿಯೋ,
ಬೆಕ್ಕು ಬಲ್ಲದು.
ಕಾವಲಿನವನು ನೋಡಬೇಕು, ನೋಡಿದ್ದನ್ನು ಮರೆಯಬೇಕು;
ಎರಡಕ್ಕೂ ಸೇರಿಯೇ ಆ ಒಂದು ಬಳ್ಳ.

ಏಳಿ ಮೇಷ್ಟ್ರೆ, ಹೊತ್ತು ಇಳಿಯಿತು.
ಹೊರಬಾಗಿಲು ಹಾಕಬೇಕು.
ಕದ ಹಳೆಯದು, ಕುತ್ತಿಗೆ ಬಾಗಿದೆ.
ನೀವು ಆ ಮೂಲೆ ಸ್ವಲ್ಪ ಎತ್ತಿ ಹಿಡಿಯಿರಿ,
ಇನ್ನೂ ಸ್ವಲ್ಪ,
ಒಬ್ಬನ ಕೈಗೆ ಕೂರುವುದಿಲ್ಲ ಇದು.